ನಮ್ಮ ಜೀಪಿಗೆ ಎರಡನೇ ಬ್ಯಾಟರಿ

ನನ್ನ ನಾದಿನಿಗೆ ಏಳು ತಿಂಗಳು ತುಂಬಿ ಸೀಮಂತದ ಕುಬಸಕ್ಕೆ ದಿನ ಗೊತ್ತಾಯಿತೆಂದು ಧಾರವಾಡದ ಅವಳ ಗಂಡನ ಮನೆಯಿಂದ ಫೋನು ಬಂದಾಗ ನಮ್ಮತ್ತೆ ಮಂಚದ ಅಂಚಿನಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮೂಗಿಗೆ ಸಣ್ಣ ಕೊಳವೆ, ಕೊಳವೆಯ ಇನ್ನೊಂದು ತುದಿಯಲ್ಲಿ ಗೋಡೆಗೆ ತಾಗಿಸಿಟ್ಟ ಆಕ್ಸಿಜನ್ ಮಷೀನು. ಗೋವೆಯ ಪರ್ವರಿಯ ನಮ್ಮ ಬಾಡಿಗೆ ಮನೆಯಲ್ಲಿ ಎರಡು ವರ್ಷದಿಂದ ಅವರ ಓಡಾಟವೆಲ್ಲ ಆ ಕೊಳವೆ ಎಳೆದಷ್ಟು ದೂರ: ಮಂಚ, ಅಡುಗೆಮನೆಯ ಹೊಸ್ತಿಲು, ಕಿಟಕಿ. ಫೋನು ಇಟ್ಟ ಮೇಲೆ ಅವರು ಸುಲಿದ ಬೆಳ್ಳುಳ್ಳಿಯನ್ನು ಸಿಪ್ಪೆಯ ಬಟ್ಟಲಿಗೂ ಸಿಪ್ಪೆಯನ್ನು ಬೆಳ್ಳುಳ್ಳಿಯ ಬಟ್ಟಲಿಗೂ ಹಾಕತೊಡಗಿದರು. ನಾನು ಬಟ್ಟಲು ಅದಲುಬದಲು ಮಾಡಿಟ್ಟೆ.

"ನೀವಿಬ್ರೂ ಹೋಗಿ ಬರ್ರಿ. ಕುಂತಲ್ಲೇ ಹೇಳ್ಕೊಡ್ತೀನಿ, ಬುತ್ತಿ ನೀ ಕಟ್ಟಿಯಂತ," ಎಂದರು.

"ಮದಲನೇ ಬಳಿ ಯಾರ್ ಇಡೋರು ಅತ್ತಿ?"

ಅವರು ಇನ್ನೊಂದು ಬೆಳ್ಳುಳ್ಳಿ ಕೈಗೆತ್ತಿಕೊಂಡರು. ಅವರ ಮನೆತನದಲ್ಲಿ ಕುಬಸದ ದಿನ ಹಡೆದವಳೇ ಮೊದಲ ಹಸಿರು ಬಳೆ ತೊಡಿಸಬೇಕು. ಆಮೇಲೆ ಬಳೆಗಾರ, ಆಮೇಲೆ ಉಳಿದವರು. ನನಗಿಂತ ಚೆನ್ನಾಗಿ ಅದು ಅವರಿಗೇ ಗೊತ್ತು.

ಹೋಗಲು ಗಾಡಿ ಇರಲಿಲ್ಲವೆಂದಲ್ಲ. ಮಾವನವರು ಉಸಗಾಂವದಲ್ಲೇ ಉಳಿದು ವಾಚ್‌ಮನ್ ಆಗಿರುವ ಗಣಿಯ ಯಾರ್ಡಿನಿಂದ ನಮ್ಮ ಯಜಮಾನರು ಒಂದು ಹಳೆಯ ಫೋರ್ ವ್ಹೀಲ್ ಜೀಪು ತಂದಿದ್ದರು. ಎಷ್ಟು ತೊಳೆದರೂ ಅದರ ಬಾಗಿಲ ಸಂದಿಯಿಂದ ಇವತ್ತಿಗೂ ಚಿಟಿಕೆ ಕೆಂಪು ಮಣ್ಣು ಉದುರುತ್ತದೆ. ತೊಂದರೆ ಇದ್ದದ್ದು ಮಷೀನಿನದು. ಅದಕ್ಕೆ ಕರೆಂಟು ತಪ್ಪಬಾರದು. ಹಿಂದಿನ ಚಳಿಗಾಲ ಅತ್ತೆಯನ್ನು ದವಾಖಾನೆಗೆ ಕರೆದೊಯ್ಯುವಾಗ ಜೀಪಿನ ಬ್ಯಾಟರಿಗೇ ಇನ್ವರ್ಟರ್ ಕೂಡಿಸಿ ಮಷೀನು ನಡೆಸಿದ್ದೆವು. ಮಾಂಡವಿ ಸೇತುವೆಯ ಮೇಲೆ ಗಾಡಿಗಳು ನಿಂತವು, ಇಂಜಿನ್ ಕಾದೀತೆಂದು ಯಜಮಾನರು ಆಫ್ ಮಾಡಿದರು. ಸಾಲು ಸರಿದಾಗ ಕೀಲಿ ತಿರುವಿದರೆ 'ಟಕ್' ಎಂಬ ಒಂದೇ ಶಬ್ದ. ಜೀಪಿನ ಜೊತೆ ಮಷೀನೂ ನಿಂತಿತು. ಕೈಯಲ್ಲಿದ್ದ, ಸ್ವಲ್ಪ ಹೊತ್ತಿಗಷ್ಟೇ ಸಾಲುವ ಸಣ್ಣ ಆಕ್ಸಿಜನ್ ಸಿಲಿಂಡರು ಅಂದು ನಮ್ಮನ್ನು ಕಾಯಿತು. ಇಬ್ಬರು ಟ್ಯಾಕ್ಸಿಯವರು, ಮೀನಿನ ಬುಟ್ಟಿ ಹೇರಿಕೊಂಡಿದ್ದ ಸ್ಕೂಟರಿನವನೊಬ್ಬ ಸೇರಿ ಜೀಪು ತಳ್ಳಿದರು. ಮನೆಗೆ ಬಂದ ಅತ್ತೆ, "ಇನ್ನ ನಾ ಹೊಸ್ತಿಲಾ ದಾಟೂದಿಲ್ಲ," ಎಂದರು. ದಾಟಿರಲೂ ಇಲ್ಲ.

ಫೋನು ಬಂದ ಸಂಜೆ ಯಜಮಾನರು ಕೊರ್ಲಿಮ್‌ನಿಂದ ಬಂದರು. ಅಲ್ಲಿನ ಕಾರ್ಖಾನೆಯೊಂದರಲ್ಲಿ ಅವರದು ಎಲೆಕ್ಟ್ರಿಕ್ ರಿಪೇರಿಯ ಕೆಲಸ. ಸುದ್ದಿ ಕೇಳಿ ಚಹಾ ಕುಡಿಯುವುದನ್ನೂ ಬಿಟ್ಟು, ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಜೀಪಿನ ಚಿತ್ರ ಬರೆದರು. ಚಿತ್ರ ಎಮ್ಮೆಯ ಹಾಗಿತ್ತು.

"ನೋಡ ಇಲ್ಲಿ. ಮುಂದಿನ ಬ್ಯಾಟರಿ ಗಾಡಿಗಿ. ಹಿಂದಿನ ಸೀಟಿನ ಬಾಜೂಕ ಇನ್ನೊಂದು ಕುಂಡ್ರಸ್ತೀನಿ, ಅದು ಬರೇ ಅವ್ವನ ಮಷೀನಿಗೆ. ಇದರ ತಂಟೇಕ ಅದು ಹೋಗಂಗಿಲ್ಲ, ಅದರ ತಂಟೇಕ ಇದು ಹೋಗಂಗಿಲ್ಲ."

"ಮತ್ತ ಹಿಂದಿಂದಕ್ಕ ಚಾರ್ಜು?" ಎಂದೆ.

"ಇಂಜಿನ್ ಓಡೂ ಮುಂದ ಎರಡಕ್ಕೂ ಒಂದ ಪಂಕ್ತಿಯೊಳಗ ಊಟ. ಇಂಜಿನ್ ನಿಂತ್ರ ನಡುವಿನ ಬಾಗಿಲಾ ತಾನ ಬಂದ್ ಆಕ್ಕೈತಿ." ಆ ಬಾಗಿಲೆಂದರೆ ಐಸೊಲೇಟರ್ ಎಂಬ, ಉಪ್ಪಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ.

ಮಂಚದಿಂದ ಅತ್ತೆ, "ಅಂದ್ರ ಅತ್ತಿ ಸೊಸಿ ಬ್ಯಾರೆ ಒಲಿ ಹೂಡಿಧಂಗ ಅನ್ನು," ಎಂದರು.

"ಹಂಗ ತಿಳ್ಕೊ ಯವ್ವಾ. ಜಗಳಿಲ್ಲದ ಬ್ಯಾರೆ ಆಗೂದು."

"ಅದೆಲ್ಲಿ ಇರತೈತೋ!" ಎಂದು ಅವರು ನಕ್ಕದ್ದು ಕೇಳಿ ನನ್ನೊಳಗೆ ಏನೋ ಕುಣಿದಂತಾಯಿತು. ಕುಬಸಕ್ಕೆ ಇನ್ನು ಹತ್ತು ದಿನವಿತ್ತು. ಡಾಕ್ಟರರನ್ನು ಕೇಳಿದೆವು. ಮಷೀನು ನಡುವೆ ನಿಲ್ಲದಂತಿದ್ದರೆ, ಸಿಲಿಂಡರು ಜೊತೆಗಿದ್ದರೆ ಹೋಗಬಹುದು, ಆದರೆ ಮೊದಲು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ ಎಂದರು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ನಾನು ವಾಸ್ಕೋದಲ್ಲಿ ಬೆಳೆದವಳು. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ನನ್ನನ್ನು ಸಿಸ್ಟರುಗಳ ಶಾಲೆಗೆ ಹಾಕಿದ್ದರು. ಅಲ್ಲಿ ಕಸೂತಿ, ಪ್ರಾರ್ಥನೆ, ಮೆಲ್ಲಗೆ ಮಾತಾಡುವುದು ಎಲ್ಲ ಕಲಿಸಿದರು, ಪಾನಾ ಹಿಡಿದು ನಟ್ಟು ಬಿಗಿಯುವುದೊಂದನ್ನು ಬಿಟ್ಟು. ಆ ದಿನ ಹತ್ತನೇ ನಂಬರಿನದು ಯಾವುದು, ಹದಿಮೂರರದು ಯಾವುದು ಎಂದು ಕೈಯ ತೂಕದಿಂದಲೇ ಹೇಳುವಷ್ಟಾದೆ. ಹೆಬ್ಬೆರಳಿನಷ್ಟು ದಪ್ಪದ ಕೆಂಪು ಕೇಬಲ್ಲನ್ನು ಯಜಮಾನರು ಬಾನೆಟ್ಟಿನ ಕಡೆಯಿಂದ ತಳ್ಳಿದರು, ನಾನು ಹಿಂದೆ ಬೋರಲು ಮಲಗಿ ಮ್ಯಾಟಿನ ಕೆಳಗಿನಿಂದ ಎಳೆದೆ. ಅದರ ಮೂತಿ ತೂತಿನಿಂದ ಹೊರಬಂದಾಗ, "ಬಂತ್ರೀ, ಬಂತು!" ಎಂದು ನಾನು ಕೂಗಿದ್ದು ಬೀದಿಗೆ ಕೇಳಿರಬೇಕು.

ತಗಡಿನ ತೂತಿನ ಅಂಚು ಹರಿತವಾಗಿತ್ತು. ಕೇಬಲ್ಲು ಅಲ್ಲಿ ಉಜ್ಜಿ ಉಜ್ಜಿ ಸಿಪ್ಪೆ ಸುಲಿದರೆ ಕಿಡಿ ಹಾರುತ್ತದೆಂದು ಯಜಮಾನರು ರಬ್ಬರಿಗಾಗಿ ಹುಡುಕಾಡಿದರು. ನಾನು ಒಳಗೆ ಹೋಗಿ ಕುಕ್ಕರಿನ ಹಳೆಯ ಗ್ಯಾಸ್ಕೆಟ್ ತಂದು, ಕತ್ತರಿಸಿ, ತೂತಿನ ಸುತ್ತ ಕೂಡಿಸಿದೆ. ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಕಾರ್ಖಾನಿಗೆ ಬರ್ತಿ ಏನ, ನನ್ನ ಜಾಗಾಕ್ಕ?" ಎಂದರು ಅವರು.

"ಅಲ್ಲಿ ಅಡಗಿ ಮಾಡಾಕ ನೀವ್ ಬರೂದಾದ್ರ ನಾ ತಯಾರ," ಎಂದೆ.

ಹಿಂದಿನ ಸೀಟಿನ ಪಕ್ಕ ಬೆಲ್ಟು ಬಿಗಿದ ಪೆಟ್ಟಿಗೆಯಲ್ಲಿ ಹೊಸ ಬ್ಯಾಟರಿ ಕೂತಿತು. ಒಂದು ಫ್ಯೂಸು ಸಾಲದೆಂದು ಇನ್ನೊಂದನ್ನು ತರಲು ಯಜಮಾನರು ಪೇಟೆಗೆ ಹೊರಟರು. ಹೋಗುವ ಮುನ್ನ, "ಎರಡೂ ಕೇಬಲ್ಲಿನ ಕ್ಲ್ಯಾಂಪು ನೀನ ಬಿಗಿ. ಫ್ಯೂಸ್ ಇನ್ನಾ ಹಾಕಿಲ್ಲ, ಕರೆಂಟ್ ಹರಿಯಂಗಿಲ್ಲ, ಅಂಜಬ್ಯಾಡ. ಮದಲ ಕೆಂಪು, ಆಮ್ಯಾಲ ಕರೇದು. ಗಟ್ಟಿ ಇರಬೇಕ ಮತ್ತ," ಎಂದರು. ಶಾಲೆಯಲ್ಲಿ ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದಾಗಲೂ ನನ್ನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ ಅತ್ತೆ ಕರೆದರು. "ಏ ಕಾನ್ವೆಂಟ್ ಬಾಯಿ, ಪೂಜಿ ಮಾಡದ ಹಂಗ ಬಿಗೀತಿ ಏನ?"

"ಆಕ್ಸಿಜನ್ ಇದ್ದಲ್ಲೆ ದೀಪಾ ಊದಿನಕಡ್ಡಿ ಏನೂ ಹಚ್ಚಂಗಿಲ್ರಿ ಅತ್ತಿ."

"ಇಭೂತಿಗೆ ಯಾವ ಬೆಂಕಿ ಬೇಕ? ಆ ಎರಡು ಸೀಸದ ಗುಂಡು ನೋಡ, ಲಿಂಗಧಂಗ ನಿಂತಾವ. ಹಚ್ಚು."

ನಿಜ, ಬ್ಯಾಟರಿಯ ಎರಡು ಮೊಳಕೆಗಳು ಹಾಗೆಯೇ ಕಾಣುತ್ತಿದ್ದವು. ನಾನು ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಲ್ಲಿ ಎರಡಕ್ಕೂ ದಪ್ಪಗೆ, ಸುತ್ತಲೂ ಹಚ್ಚಿದೆ. ಬಿಸಿಲಿಗೆ ಅದು ಬೇಗ ಒಣಗಿ ಬೆಳ್ಳಗಾಯಿತು. ಆಮೇಲೆ ಒಂದಿಷ್ಟೂ ಅಳಿಸದಂತೆ ಜೋಪಾನವಾಗಿ ಅದರ ಮೇಲೆ ಕ್ಲ್ಯಾಂಪು ಇಳಿಸಿ ಬಿಗಿದು, ರಬ್ಬರಿನ ಟೊಪ್ಪಿಗೆ ಹಾಕಿದೆ. ಯಜಮಾನರು ಬಂದು ಕ್ಲ್ಯಾಂಪು ಅಲುಗಾಡಿಸಿ ನೋಡಿದರು, ಅಲುಗಲಿಲ್ಲ. ಫ್ಯೂಸು ಹಾಕಿ ಮೀಟರು ಹಿಡಿದರು. "ಹನ್ನೆರಡೂ ಚಿಲ್ಲರ ವೋಲ್ಟು. ಭಾಳ ಚಲೋ!"

ಎರಡು ತಾಸು ಇಂಜಿನ್ ನಡೆಸಿ ಬ್ಯಾಟರಿ ತುಂಬಿಸಿದೆವು. ಸಂಜೆ ನಾಲ್ಕಕ್ಕೆ ಪರೀಕ್ಷೆ. ನಿಂತ ಜೀಪಿನಲ್ಲಿ ಕೂರಲು ಅತ್ತೆ ಇಳಕಲ್ ಸೀರೆ ಉಟ್ಟರು. ಬೇಡವೆಂದರೂ ಕೇಳಲಿಲ್ಲ. ಸಿಲಿಂಡರಿನ ಕೊಳವೆ ಹಚ್ಚಿ ಮೆಲ್ಲಗೆ ಕರೆತಂದು ಕೂರಿಸಿದೆವು. ಇಂಜಿನ್ ಆಫ್ ಮಾಡಿ, ಹೊಸ ಬ್ಯಾಟರಿಯ ಇನ್ವರ್ಟರಿಗೆ ಕೂಡಿಸಿದ ಮಷೀನು ಆನ್ ಮಾಡಿದೆವು. ಅದು ಗುರ್ ಎಂದಿತು. ಪಕ್ಕದ ಬಾಗಿಲಿನಲ್ಲೇ ಇರುವ ನಮ್ಮ ಮನೆಯ ಒಡತಿ ಗೋವೆಯ ಬಾಯಿ ಗೇಟಿನ ಬಳಿ ಬಂದು, "ಖಂಯ್ ವತಾತ್?" ಎಂದು ಎಲ್ಲಿಗೆ ಹೊರಟಿರೆಂದು ಕೇಳಿದರು.

"ಖಂಯ್ ನಾ," ಎಂದೆ, ಎಲ್ಲಿಗೂ ಇಲ್ಲ. ಸೀರೆ ಉಟ್ಟು, ಬಾಗಿಲು ಹಾಕಿ, ಅಲುಗದ ಗಾಡಿಯಲ್ಲಿ ಕುಳಿತ ನಮ್ಮನ್ನು ಅವರು ಒಂದು ನಿಮಿಷ ನೋಡಿ ಗೇಟಿಗೆ ಒರಗಿ ನಿಂತೇಬಿಟ್ಟರು.

ಹತ್ತು ನಿಮಿಷವೂ ಆಗಿರಲಿಲ್ಲ. ಇನ್ವರ್ಟರು ಕುಂಯ್ ಕುಂಯ್ ಎಂದು ಅರಚಿತು. ಕೆಂಪು ದೀಪ ಹತ್ತಿತು, ಮಷೀನು ನಿಂತಿತು.

ನಾನು ಕೊಳವೆಯನ್ನು ಸಿಲಿಂಡರಿಗೆ ಬದಲಿಸಿದೆ. ಯಜಮಾನರು ಮತ್ತೆ ಮೀಟರು ಹಿಡಿದರು. ಮತ್ತೆ ಹನ್ನೆರಡೂ ಚಿಲ್ಲರೆ. ಮತ್ತೆ ಆನ್ ಮಾಡಿದರೆ ಮತ್ತೆ ಅದೇ ಅರಚಾಟ. "ಬ್ಯಾಟರಿ ತುಂಬೈತಿ. ಇನ್ವರ್ಟರಿಗೆ ಮುಟ್ಟವಲ್ದು. ಯಾಕ?" ಎಂದು ಅವರು ನೆತ್ತಿ ಕೆರೆದುಕೊಂಡರು.

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಬಿಡಪಾ. ನನ್ನ ಒಳಗ ಕರಕೊಂಡ ನಡೀರಿ. ಬಳಿ ನಿನ್ನ ಹೇಣ್ತಿ ಇಡ್ತಾಳ," ಎಂದರು. ಆ ದನಿಯನ್ನು ನಾನು ಸೇತುವೆಯ ದಿನ ಕೇಳಿದ್ದೆ. ಈಗ ಒಳಗೆ ಹೋದರೆ ಇನ್ನೊಮ್ಮೆ ಹೊರಬರುವವರಲ್ಲ ಅವರು.

ಏಳುವಾಗ ಆಸರೆಗೆಂದು ನಾನು ಬ್ಯಾಟರಿಯ ಪೆಟ್ಟಿಗೆಯ ಮೇಲೆ ಕೈಯೂರಿದೆ. ಅಂಗೈಯ ಕೆಳಗೆ ಕೆಂಪು ಟೊಪ್ಪಿಗೆ ಬಿಸಿಯಾಗಿತ್ತು. ಕರಿಯದೂ ಬಿಸಿ. ಬ್ಯಾಟರಿ ಮಾತ್ರ ತಣ್ಣಗೆ. ಒಂಬತ್ತನೇ ತರಗತಿಯಲ್ಲಿ ಸಿಸ್ಟರು ಟಾರ್ಚಿನ ಸೆಲ್ಲಿಗೆ ತಂತಿ ಹಿಡಿದು, ಕರೆಂಟಿನ ದಾರಿಗೆ ಅಡ್ಡಿ ಬಂದಲ್ಲಿ ಶಾಖ ಹುಟ್ಟುತ್ತದೆ ಎಂದದ್ದು ನೆನಪಾಯಿತು. ಅಡ್ಡಿ ಏನೆಂದು ಆ ಕ್ಷಣವೇ ಗೊತ್ತಾಗಿ ನನ್ನ ಕಿವಿಯೂ ಬಿಸಿಯಾಯಿತು.

"ರೀ, ನನ್ನಿಂದ ಒಂದ್ ತಪ್ಪ ಆಗೈತಿ."

"ಏನ?"

"ಇಭೂತಿ ಹಚ್ಚೇನ್ರಿ."

"ಎಲ್ಲೆ?"

"ಕ್ಲ್ಯಾಂಪಿನ ಒಳಗ. ದಪ್ಪಗ."

ಅವರು ಕ್ಲ್ಯಾಂಪು ಬಿಚ್ಚಿದರು. ಸೀಸಕ್ಕೂ ಹಿತ್ತಾಳೆಗೂ ನಡುವೆ ಬೂದಿಯ ಒಂದು ಪದರ, ನಾನು ಜೋಪಾನ ಮಾಡಿದಷ್ಟೂ ಜೋಪಾನವಾಗಿ ಇತ್ತು. ಮೀಟರಿನಂಥ ಹಗುರ ಕೆಲಸಕ್ಕೆ ಅದು ದಾರಿ ಬಿಟ್ಟಿತ್ತು, ಮಷೀನು ಬಂದು ಬೇಡಿದಾಗ ತಡೆದು ನಿಲ್ಲಿಸಿತ್ತು. ಯಜಮಾನರು ಒಮ್ಮೆ ನನ್ನ ಮುಖ, ಒಮ್ಮೆ ತಾಯಿಯ ಮುಖ ನೋಡಿ, ಜೀಪಿನ ಬಾಗಿಲಿಗೆ ತಲೆಯಿಟ್ಟು ನಗತೊಡಗಿದರು.

"ಆಕೀಗೆ ಬೈಬ್ಯಾಡ. ಹಚ್ಚು ಅಂದಾಕಿ ನಾ," ಎಂದರು ಅತ್ತೆ.

"ಬೈಯೂದ್ಯಾಕ ಯವ್ವಾ! ಕಾರ್ಖಾನಿಯೊಳಗ ಹದಿನೈದು ವರ್ಷ ಆತು, ಇಂಥಾ ಫಾಲ್ಟ್ ನೋಡಿದ್ದಿಲ್ಲ."

ಗೇಟಿನಲ್ಲಿದ್ದ ಬಾಯಿಗೆ ನಾನು ಕೊಂಕಣಿಯಲ್ಲಿ ವಿಷಯ ತಿಳಿಸಿದೆ. ಅವರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ತಾವೂ ಸ್ಕೂಟಿಯ ಪ್ಲಗ್ಗಿನ ಮೇಲೆ ಪವಿತ್ರ ನೀರು ಚಿಮುಕಿಸಿ ಮೂರು ದಿನ ನಡೆದುಕೊಂಡೇ ಮಾರ್ಕೆಟ್ಟಿಗೆ ಹೋದದ್ದನ್ನು ಹೇಳಿದರು. ಅತ್ತೆ ನಗಲು ಹೋಗಿ ಕೆಮ್ಮಿದರು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕರು. ಒಳಗೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ.

ಅಷ್ಟು ಹೊತ್ತು ಮನೆಯಿಂದ ವೈರು ಎಳೆದು ಅವರ ಮಷೀನನ್ನು ಮನೆಯ ಕರೆಂಟಿಗೆ ಹಾಕಿ, ಮರಳುಕಾಗದದಿಂದ ನಾನೇ ಎರಡೂ ಮೊಳಕೆ ಉಜ್ಜಿದೆ. ಬೂದಿ ಹೋಗಿ, ಮಂಕು ಹೋಗಿ, ಹೊಸ ಸೀಸ ಬೆಳ್ಳಿಯಂತೆ ಹೊಳೆಯಿತು. ಕ್ಲ್ಯಾಂಪಿನ ಒಳಮೈಯನ್ನೂ ಉಜ್ಜಿ ಬಿಗಿದೆ. ಬೂದಿ ತಡೆದ ಚಾರ್ಜು ತುಂಬಲೆಂದು ಯಜಮಾನರು ಇನ್ನೊಮ್ಮೆ ಇಂಜಿನ್ ನಡೆಸಿದರು. ಪೂಜೆ ಬಿಟ್ಟೆವೆಂದಾಗಬಾರದೆಂದು ಅತ್ತೆ ಹೇಳಿದಂತೆ ಮೂರು ಪಟ್ಟೆಯನ್ನು ಬ್ಯಾಟರಿಯ ಹೊಟ್ಟೆಯ ಮೇಲೆ ಎಳೆದೆ. ಅಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ.

ಎರಡನೇ ಸಲ ಮಷೀನು ನಿಲ್ಲಲಿಲ್ಲ. ಅರ್ಧ ತಾಸು. ಒಂದು ತಾಸು. ನಾನು ಜೀಪಿಗೇ ಚಹಾ, ಚುರುಮುರಿ ತಂದೆ. ಟೊಪ್ಪಿಗೆಗಳನ್ನು ಐದು ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದೆ, ಮಗುವಿನ ಹಣೆ ಮುಟ್ಟಿದಂತೆ. ಎರಡೂ ತಣ್ಣಗೇ ಇದ್ದವು. ಎರಡು ತಾಸು ಕಳೆದು ಮೇಲೆ ಹತ್ತು ನಿಮಿಷಕ್ಕೆ ಇನ್ವರ್ಟರು ಸಾಕೆಂದಿತು. ಯಜಮಾನರು ಮುಂದೆ ಹೋಗಿ ಕೀಲಿ ತಿರುವಿದರು. ಮುಂದಿನ ಬ್ಯಾಟರಿಯ ತಂಟೆಗೆ ಯಾರೂ ಹೋಗಿರಲಿಲ್ಲ. ಇಂಜಿನ್ ಒಂದೇ ಏಟಿಗೆ ಎದ್ದಿತು. ನಾವು ಮೂವರೂ, ಗೇಟಿನಲ್ಲಿದ್ದ ಬಾಯಿಯೂ, ಚಪ್ಪಾಳೆ ತಟ್ಟಿದೆವು.

"ಬುತ್ತಿಗೆ ಎಷ್ಟ ರೊಟ್ಟಿ ಬಡೀಬೇಕಂದಿ?" ಎಂದು ಅತ್ತೆ ಕೇಳಿದರು.

ಕುಬಸದ ದಿನ ಮಾವನವರಿಗೆ ರಜೆ ಸಿಗಲಿಲ್ಲ. ನಾವು ಮೂವರೇ ಬೆಳಗಿನ ಬೆಳಕಿಗೆ ಹೊರಟೆವು. ಚೋರ್ಲಾ ಘಾಟಿನ ತಿರುವಿನಲ್ಲಿ ಲಾರಿಯೊಂದು ಅಡ್ಡ ನಿಂತು ಮುಕ್ಕಾಲು ತಾಸು ಎಲ್ಲರ ಇಂಜಿನ್ನೂ ಬಂದಾಗಿತ್ತು. ನಮ್ಮ ಮಷೀನು ಮಾತ್ರ ಗುರ್ರೆನ್ನುತ್ತಿತ್ತು. ಕಿಟಕಿ ಇಳಿಸಿಕೊಂಡು ಅತ್ತೆ ಕಾಡು ನೋಡಿದರು, ನಾನು ಅವರ ಉಸಿರು ಎಣಿಸುವುದನ್ನು ಯಾವಾಗಲೋ ಮರೆತೆ.

ಧಾರವಾಡದ ಮನೆ ಮುಟ್ಟಿದಾಗ ಮಾವಿನೆಲೆ ಕಟ್ಟಿದ ಬಾಗಿಲಲ್ಲಿ ನಾದಿನಿಯ ಅತ್ತೆ ಕೈ ಕೈ ಹಿಸುಕಿಕೊಂಡು ನಿಂತಿದ್ದರು. "ಈಗರೆ ಕರೆಂಟ್ ಹೋತ್ರಿ. ಯಾವಾಗ ಬರತೈತೋ ಗೊತ್ತಿಲ್ಲ. ಅವ್ವಾರ ಮಷೀನು ಒಳಗ ಹೆಂಗ ನಡೀಬೇಕ್ರಿ?"

"ಒಳಗ್ಯಾಕ? ಮಗಳನ್ನ ಹೊರಗ ಕರೀರಿ," ಎಂದರು ನಮ್ಮತ್ತೆ.

ಯಜಮಾನರು ಜೀಪನ್ನು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹಿಂಬಾಗಿಲು ತೆರೆದರು. ಹಸಿರು ಸೀರೆಯ ನಾದಿನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಬಂದಳು. ಅವಳಿಗಾಗಿ ಅಂಗಳದಲ್ಲೇ ಮಣೆಯ ಬದಲು ಎತ್ತರದ ಸ್ಟೂಲು ಹಾಕಿದರು, ಜೀಪಿನ ಸೀಟಿಗೆ ಸರಿಯಾಗಲೆಂದು. ಹೆಂಗಸರು ಆರತಿ ತಟ್ಟೆ ಹಿಡಿದು ಹಾಡುತ್ತ ಬಂದಾಗ ನಾನು ಎರಡೂ ಕೈ ಚಾಚಿ, "ದೀಪಾ ಅಲ್ಲೇ ಇರಲ್ರಿ, ಆಕ್ಸಿಜನ್ ಐತಿ!" ಎಂದು ಅಡ್ಡ ನಿಂತೆ. ಅವರು ಹತ್ತು ಹೆಜ್ಜೆ ಹಿಂದೆ ಸರಿದು ಅಲ್ಲಿಂದಲೇ ಹಾಡಿದರು.

ಅತ್ತೆ ಮಗಳ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ಒಟ್ಟು ಮಾಡಿ ಒತ್ತಿ, ಮೊದಲ ಹಸಿರು ಬಳೆಯನ್ನು ಮಣಿಕಟ್ಟಿಗೆ ಏರಿಸಿದರು. ಮಗಳು ಅಳುತ್ತಿದ್ದಳು. ಬಳೆಗಾರ ಮುಂದೆ ಬಂದು, "ಉಳದದ್ದು ನಾ ಇಡ್ತೀನಿ ಬಿಡ್ರಿ ಅಮ್ಮಾರ, ನಿಮಗ ದಣಿವಾದೀತು," ಎಂದ.

"ಅವಸರ ಮಾಡಬ್ಯಾಡೋ ತಮ್ಮಾ," ಎಂದು ಅತ್ತೆ ಎರಡನೇ ಬಳೆ ಎತ್ತಿಕೊಂಡರು. "ಇನ್ನಾ ಎರಡು ತಾಸು ಐತಿ ನನ್ನ ಬ್ಯಾಟರಿ."