ಮೂರು ದಿನದ ಏಕಾದಶಿ

ಎಂಬತ್ತರ ದಶಕದ ಕೊನೆಯಲ್ಲಿ ಕೋಲಾರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನನಗೆ ಎರಡು ವಿಷಯಗಳಲ್ಲಿ ಭಾರೀ ಜಂಬವಿತ್ತು: ನಮ್ಮಲ್ಲಿದ್ದ ಒಂದೇ ಒಂದು ಮೆಷಿನ್ನು, ಮತ್ತು ಕಾಲರ್ ಮುಟ್ಟುವಂತೆ ಬಿಟ್ಟಿದ್ದ ನನ್ನ ಕೂದಲು. ಎರಡನ್ನೂ ಕಂಡರೆ ಆಗದವರು ಮುಳಬಾಗಿಲಿನ ನಮ್ಮ ದೊಡ್ಡಪ್ಪ. ಪೌರೋಹಿತ್ಯದ ಜೊತೆಗೆ ಪಂಚಾಂಗದ ಗಣಿತವೂ ಅವರ ಕಸುಬು.

ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿ ಸುಮ್ಮನಿರಲಿಲ್ಲ. "ಒಂದು ತಿಂಗಳ ತಿಥಿಗಳನ್ನ ನನ್ನ ಮೆಷಿನ್ನು ನಿಮಗಿಂತ ಬೇಗ ಹೇಳುತ್ತೆ ದೊಡ್ಡಪ್ಪ" ಎಂದುಬಿಟ್ಟೆ.

"ಏಮ್ರಾ, ಅಷ್ಟು ಧೈರ್ಯವಾ? ಸೋತರೆ ಆ ಕೂದಲು ತೆಗೆಸಿ ಜುಟ್ಟು ಬಿಡಬೇಕು. ಒಂದು ವರ್ಷ."

"ನೀವು ಸೋತರೆ?"

"ನಿನ್ನ ಕ್ಲಾಸಿಗೆ ಸೇರ್ತೀನಿ ಕಣೋ."

ಪಂಕ್ತಿಯಲ್ಲಿದ್ದವರೆಲ್ಲ ಸಾಕ್ಷಿಯಾದರು.

ಮೊದಲು ಬೇಸಿಕ್ ಭಾಷೆಯಲ್ಲಿ ಬರೆದೆ. ಒಂದೇ ಸಂಜೆಗೆ ಮುಗಿಯಿತು, ಉತ್ತರವೂ ಸರಿ. ಆದರೆ ಚಂದ್ರನನ್ನು ನಿಮಿಷ ನಿಮಿಷಕ್ಕೂ ಚೂರು ಸರಿಸಿ ನೋಡುವ ಲೆಕ್ಕ ಅದು. ಮೂವತ್ತು ತಿಥಿಗೆ ಒಂದೂವರೆ ಗಂಟೆ ಹಿಡಿಯಿತು. ದೊಡ್ಡಪ್ಪನಿಗೆ ಅರ್ಧ ಗಂಟೆ ಸಾಕು. ಬೇಸಿಕ್ಕು ಪ್ರತಿ ಸಾಲನ್ನೂ ಪ್ರತಿ ಸಲವೂ ಹೊಸದಾಗಿ ಓದಿ ಅರ್ಥಮಾಡಿಕೊಳ್ಳುವ ಸೋಮಾರಿ ಎಂದು ಬೈದು, ಮೆಷಿನ್ನಿನ ಕಿವಿಯಲ್ಲೇ ಮಾತಾಡುವ ಅಸೆಂಬ್ಲಿ ಭಾಷೆಗೆ ಕೈ ಹಾಕಿದೆ. ಮೂರು ವಾರ ಒದ್ದಾಡಿದೆ. ಅದರಲ್ಲಿ ದಶಾಂಶದ ಲೆಕ್ಕ ದೊಡ್ಡ ತಲೆನೋವು, ಹಾಗಾಗಿ ದಶಾಂಶಗಳನ್ನೆಲ್ಲ ಕತ್ತರಿಸಿ ಎಸೆದೆ. ಎರಡೇ ನಿಮಿಷಕ್ಕೆ ಮುಗಿಯಿತು! ಉತ್ತರವನ್ನು ತಾಳೆ ನೋಡುವ ವ್ಯವಧಾನ ಯಾರಿಗಿತ್ತು?

ಪಂದ್ಯದ ದಿನ ದೊಡ್ಡಪ್ಪ ಬಸ್ಸಿಳಿದು ನಮ್ಮ ಕ್ಲಾಸಿಗೆ ಬಂದು, ಕುರ್ಚಿಯ ಮೇಲೆಯೇ ಚಕ್ಕಂಬಕ್ಕಳ ಹಾಕಿ, ತೊಡೆಯ ಮೇಲೆ ಹಳೆಯ ನೋಟ್‌ಬುಕ್ ಬಿಚ್ಚಿಕೊಂಡರು. ಅವರು ಬಿದಿಗೆ ಬರೆಯುವಷ್ಟರಲ್ಲಿ ನನ್ನ ಪ್ರಿಂಟರು ಕಿರುಚಿಕೊಂಡು ಹಾಳೆ ಉಗುಳಿತು. ಹರಿದು ಅವರ ಮೂಗಿನ ಕೆಳಗೆ ಹಿಡಿದೆ.

ಕನ್ನಡಕ ಸರಿಮಾಡಿಕೊಂಡು ಓದಿದರು. "ಒರೇಯ್, ಸಾಲಾಗಿ ಮೂರು ದಿನ ಏಕಾದಶಿ ಹಾಕಿದೀಯಲ್ಲೋ! ಊರಿನ ಮುದುಕೀರನ್ನೆಲ್ಲ ಉಪವಾಸ ಕೆಡವಿ ಸಾಯಿಸ್ಬೇಕು ಅಂತಿದೀಯಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ತಲೆ ತಗ್ಗಿಸಿಕೊಂಡೇ ಕೇಳಿದೆ: "ನೀವು ಇಷ್ಟು ಬೇಗ ಹೇಗೆ ಲೆಕ್ಕ ಹಾಕ್ತೀರಾ?"

"ನಾನೆಲ್ಲಿ ಹಾಕ್ತೀನಿ? ಕಷ್ಟದ ಲೆಕ್ಕವೆಲ್ಲ ನಮ್ಮಜ್ಜ ಒಂದ್ಸಲ ಮಾಡಿಟ್ಟು ಹೋಗಿದಾನೆ. ನಾನು ಸಾರಣಿ ನೋಡಿ ಕೂಡ್ತೀನಿ, ಅಷ್ಟೇ." ನೋಟ್‌ಬುಕ್ಕಿನ ತುಂಬ ಅಜ್ಜ ಕಟ್ಟಿಟ್ಟ ಅಂಕಿಗಳ ಪಟ್ಟಿ. ಅದೇ ಸಾರಣಿ.

ಇನ್ನೊಂದು ಪಂದ್ಯ ಬೇಡಿ, ನೋಟ್‌ಬುಕ್ಕನ್ನೂ ಬೇಡಿದೆ. ನಗುತ್ತಲೇ ಕೊಟ್ಟರು. ನಾನು ಸೋಮಾರಿ ಎಂದು ಬೈದಿದ್ದ ಅದೇ ಬೇಸಿಕ್ಕಿಗೆ ಸಾರಣಿಯನ್ನು ತುಂಬಿಸಿದೆ. ಮುಂದಿನ ಭಾನುವಾರ ದೊಡ್ಡಪ್ಪನ ಎದುರಿಗೆ ಓಡಿಸಿದಾಗ ಒಂದೇ ನಿಮಿಷಕ್ಕೆ ಮೂವತ್ತು ತಿಥಿಯೂ ಬಂದವು, ಏಕಾದಶಿ ಪಕ್ಷಕ್ಕೆ ಒಂದೊಂದೇ. ಗೆದ್ದೆ ಎಂದು ಕುಣಿದೆ.

ದೊಡ್ಡಪ್ಪ ಹಾಳೆ ನೋಡಿ ತಲೆಯಾಡಿಸಿದರು. "ಗೆದ್ದಿದ್ದು ನಮ್ಮಜ್ಜ ಕಣೋ. ನಡಿ ಕ್ಷೌರದಂಗಡಿಗೆ."

ಮೆಷಿನ್ನು ಆರಿಸಿ ಅವರ ಹಿಂದೆ ಹೊರಟೆ. ಅವರು ಹೇಳಿದ್ದು ನಿಜವಾಗಿತ್ತು. ಕನ್ನಡಿಯ ಮುಂದೆ ಕೂದಲು ಉದುರುತ್ತಿದ್ದಾಗ ನನಗೆ ಅಳುವೇ ಬಂತು.

ಆ ವರ್ಷವಿಡೀ ಕ್ಲಾಸಿನಲ್ಲಿ ಯಾರಾದರೂ "ಸರ್, ಯಾವ ಭಾಷೆ ಫಾಸ್ಟು?" ಎಂದು ಕೇಳಿದಾಗಲೆಲ್ಲ ನಾನು ಉತ್ತರ ಹೇಳುತ್ತಿರಲಿಲ್ಲ. ಬೋರ್ಡಿನ ಕಡೆ ತಿರುಗಿ, ಜುಟ್ಟು ತೋರಿಸುತ್ತಿದ್ದೆ.