ಯಜಮಾನ್ರು ಸತ್ತ ಕಂತು

ಧಾರಾವಾಹಿಯ ಟಿಆರ್‌ಪಿ ಬಿದ್ದರೆ ಮೊದಲು ಉರುಳುವುದು ಮನೆಯ ಹಿರಿತಲೆ. ಈ ರೂಢಿ ಗೊತ್ತಿದ್ದುದರಿಂದಲೇ, ತಮ್ಮ ಪಾತ್ರ ಸಾಯಲಿದೆ ಎಂಬ ಸುದ್ದಿ ಬಂದಾಗ ಆ ಹಿರಿಯ ನಟರು ರಂಪ ಮಾಡಲಿಲ್ಲ. ವರ್ಷಗಟ್ಟಲೆ ಒಂದೇ ಕುಟುಂಬದ ಯಜಮಾನನಾಗಿ ನಟಿಸಿ ನಟಿಸಿ, ಸೆಟ್ಟಿನಿಂದ ಹಿಡಿದು ಕ್ಷೌರದಂಗಡಿಯವರೆಗೆ ಅವರು ಎಲ್ಲರಿಗೂ ‘ಯಜಮಾನ್ರು’ ಆಗಿಬಿಟ್ಟಿದ್ದರು.

“ಹೋಗ್ಲಿ ಬಿಡು, ಈ ಸಲ ಹಾಸಿಗೆ ಮೇಲಾದ್ರೂ ಸಾಯ್ತೀನಿ. ಹಿಂದಿನ ಸೀರಿಯಲ್ಲಲ್ಲಿ ಬಾವಿಗೆ ಬಿದ್ದಿದ್ದೆ,” ಎಂದು ಮನೆಯಲ್ಲಿ ಹೆಂಡತಿಯ ಮುಂದೆ ನಕ್ಕಿದ್ದರು.

ನಗು ಅಲ್ಲಿಗೇ ಮುಗಿಯಿತು. ಧಾರಾವಾಹಿಯಲ್ಲಿ ಅವರ ಹೆಂಡತಿಯಾಗಿದ್ದ ನಟಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಚಿತ್ರೀಕರಣ ಹತ್ತಿರ ಬಂದಾಗ ದೊಡ್ಡಮ್ಮನ ನಿಜವಾದ ಗಂಡ ಎದೆನೋವು ಬಂದು ತೀರಿಕೊಂಡರು. ಚಿತ್ರೀಕರಣ ಮುಂದಕ್ಕೆ ಹೋಗಬಹುದು ಅಂತ ಯಜಮಾನ್ರು ಅಂದುಕೊಂಡಿದ್ದರು. ನಿರ್ದೇಶಕ ಮಾತ್ರ ದೊಡ್ಡಮ್ಮನಿಗೆ ಫೋನ್ ಮಾಡಿ, “ತಪ್ಪು ತಿಳ್ಕೋಬೇಡಿ ಅಮ್ಮ, ಈಗಾದ್ರೆ ಅಳು ತಾನಾಗೇ ಬರುತ್ತೆ,” ಎಂದನಂತೆ. ದೊಡ್ಡಮ್ಮ ಬಂದರು. ಮೇಕಪ್ ಅಕ್ಕ ಕಣ್ಣು ಒರೆಸಿಕೊಂಡರೆ, “ನೀನ್ಯಾಕೆ ಅಳ್ತೀಯೇ, ಪೌಡರ್ ಹಚ್ಚು,” ಎಂದರು, ಅಷ್ಟೇ.

ಆ ಪೌಡರಿಗೂ ಒಂದು ಕಥೆಯಿತ್ತು. ದೊಡ್ಡಮ್ಮನ ಕೆನ್ನೆಯ ಮೇಲೆ ಒಮ್ಮೆ, ಮೊಣಕೈ ಹತ್ತಿರ ಒಮ್ಮೆ ಹಸಿರುಗಟ್ಟಿದ ಕಲೆ ಕಾಣುತ್ತಿತ್ತು. ಕೇಳಿದರೆ ಬಾತ್‌ರೂಮಲ್ಲಿ ಜಾರಿದೆ ಎನ್ನುತ್ತಿದ್ದರು. ಅಷ್ಟು ಜಾರುವ ಬಾತ್‌ರೂಮು ಊರಲ್ಲೇ ಇಲ್ಲ ಎಂದು ಲೈಟಿನವರು ತಮಾಷೆ ಮಾಡಿ ಸುಮ್ಮನಾಗುತ್ತಿದ್ದರು.

ಅಂದು ಪ್ಲೈವುಡ್ ಗೋಡೆಗಳ ಹಜಾರದಲ್ಲಿ ಯಜಮಾನ್ರನ್ನು ಚಾಪೆಯ ಮೇಲೆ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ಮೂಗಿಗೆ ಹತ್ತಿ ಇಟ್ಟರು. ತಲೆಯ ಮೇಲೆ ಸೂರಿಲ್ಲ, ಉರಿಯುವ ಲೈಟುಗಳು. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆಲ್ಲ ಕೆಂಪು. ಹೆಣದ ಪಾತ್ರಕ್ಕೆ ಬೇಕಾದದ್ದು ಒಂದೇ ವಿದ್ಯೆ, ಉಸಿರು ಕದಿಯುವುದು. ಅದರಲ್ಲಿ ಅವರು ಪಳಗಿದ್ದರು.

“ಆಕ್ಷನ್!”

ದೊಡ್ಡಮ್ಮ ಬಂದು ಪಕ್ಕದಲ್ಲಿ ಕುಸಿದದ್ದು ಗೊತ್ತಾಯಿತು. “ನನ್ನನ್ನ ಒಂಟಿ ಮಾಡಿ ಹೋದಿರಾ? ನೀವಿಲ್ಲದ ಮನೇಲಿ ನಾನು ಹೇಗಿರಲಿ?” ಬರೆದಿದ್ದಂತೆಯೇ ಮಾತು. ಮುಂದಿನ ಸಾಲು ಬರಲಿಲ್ಲ. ಮಾತು ಮರೆತರೇನೋ ಎಂದುಕೊಳ್ಳುವಷ್ಟರಲ್ಲಿ ಒಂದು ಕೈ ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

“ಏಳೋ,” ಎಂದರು ದೊಡ್ಡಮ್ಮ.

ಇಷ್ಟು ವರ್ಷಗಳಲ್ಲಿ ಅವರ ಪಾತ್ರದ ಬಾಯಲ್ಲಿ ಗಂಡನಿಗೆ ಏಕವಚನ ಬಂದದ್ದೇ ಇಲ್ಲ.

“ಏಳು. ಈಗ ಎತ್ತು ಕೈ, ನೋಡೋಣ. ಊಟ ಆರಿದೆ ಅಂತ ಎತ್ತಿದ್ಯಲ್ಲ, ಬಾಗಿಲು ತೆಗೆಯೋದು ತಡವಾಯ್ತು ಅಂತ ಎತ್ತಿದ್ಯಲ್ಲ. ಈ ಎಡಗಿವಿ ಕೇಳ್ಸಲ್ಲ ಕಣೋ ನಂಗೆ. ಬಂದವರೆಲ್ಲ ಎಂಥ ದೇವರಂಥ ಮನುಷ್ಯ ಅಂತಾರೆ. ನಾನು ತಲೆ ಆಡಿಸ್ತಾ ಕೂತಿದ್ದೀನಿ.” ದನಿ ತಗ್ಗಿತು. “ಯಾಕೆ ಹೊಡೀತೀಯ ಅಂತ ಒಂದ್ಸಲನಾದ್ರೂ ಕೇಳ್ಬೇಕಿತ್ತು. ಅಷ್ಟರಲ್ಲಿ ಹೊರಟುಬಿಟ್ಯಲ್ಲ.”

ಉಗುರು ಚರ್ಮಕ್ಕೆ ಇಳಿದಿತ್ತು. ಯಜಮಾನ್ರು ಅಲುಗಲಿಲ್ಲ.

“ಕಟ್! ಅದ್ಭುತ!” ನಿರ್ದೇಶಕ ಓಡಿ ಬಂದ. “ಮಾತು ಹೆಚ್ಚುಕಮ್ಮಿ ಆದ್ರೂ ಚಿಂತೆಯಿಲ್ಲ ದೊಡ್ಡಮ್ಮ, ಮ್ಯೂಸಿಕ್ ತುಂಬಿಸ್ತೀವಿ. ಈಗ ಕ್ಲೋಸಪ್ಪಿಗೆ ಇನ್ನೊಂದ್ಸಲ, ಹಾಗೇ.”

“ಅದೇ ಮಾತಾ?”

“ತುಟಿ ಹೊಂದಬೇಕಲ್ಲ ಅಮ್ಮ. ಅದೇ ಮಾತು, ಅದೇ ಸಿಟ್ಟು.”

ಯಜಮಾನ್ರು ಕಣ್ಣು ಕಿರಿದು ಮಾಡಿ ನೋಡಿದರು. ದೊಡ್ಡಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಆಗುವುದಿಲ್ಲ ಎಂದು ಹೇಳುವ ಅಭ್ಯಾಸವಿಲ್ಲದ ಹೆಂಗಸು. ಸೆರಗು ಸರಿಮಾಡಿಕೊಂಡು ಮತ್ತೆ ಬಂದು ಕೂತರು.

“ಆಕ್ಷನ್!”

“ಏ…” ಎನ್ನುವಷ್ಟರಲ್ಲಿ ಹೆಣ ಕೆಮ್ಮಿತು.

ಎರಡನೇ ಸಲವೂ ಕೆಮ್ಮಿತು. ಮೂರನೇ ಸಲ ಹತ್ತಿ ಹಾರಿ ಚಾಪೆಯ ಮೇಲೆ ಬಿತ್ತು. ನೀರು ಕುಡಿಸಿದರು, ಶುಂಠಿ ಚೂರು ಕೊಟ್ಟರು. ಕ್ಯಾಮೆರಾ ಓಡಿದ ತಕ್ಷಣ ಕೆಮ್ಮು ಬರುತ್ತಲೇ ಇತ್ತು.

“ಹೆಣ ಆಗೋಕೂ ಬರಲ್ವೇನ್ರೀ ನಿಮಗೆ?” ನಿರ್ದೇಶಕ ಕೂಗಾಡಿದ.

“ವಯಸ್ಸಾಯ್ತಲ್ಲ ಸಾರ್. ಸಾಯೋದೂ ಈಗ ಕಷ್ಟ.”

ಕೊನೆಗೆ ಬೇಸತ್ತು ಕ್ಲೋಸಪ್ ಕೈಬಿಟ್ಟರು. ನೆನಪಿನ ದೃಶ್ಯಗಳಿಗೆ ಮತ್ತೆ ಕರೆಯುತ್ತೇವೆ ಎಂದಿದ್ದವರು ಕರೆಯಲಿಲ್ಲ. ಯಜಮಾನ್ರಿಗೆ ಶ್ವಾಸಕೋಶದ ಕಾಯಿಲೆಯಂತೆ ಎಂಬ ಮಾತು ಸ್ಟುಡಿಯೋದಿಂದ ಸ್ಟುಡಿಯೋಗೆ ಹಬ್ಬಿ, ಬೇರೆ ಕೆಲಸಗಳೂ ಒಂದೊಂದಾಗಿ ಕೈತಪ್ಪಿದವು.

ಕಂತು ಪ್ರಸಾರವಾಯಿತು. ಮಾತಿನ ಜಾಗದಲ್ಲೆಲ್ಲ ಪಿಟೀಲು. ಮೂರನೇ ಮನೆಯ ಹೆಂಗಸು ಬಂದು, “ಹೆಂಡತಿ ಅಂದ್ರೆ ಹಾಗಿರ್ಬೇಕು, ಎಷ್ಟು ಪ್ರೀತಿ,” ಎಂದು ಕಣ್ಣೀರಿಟ್ಟು ಹೋದಳು.

ಕೆಲವು ದಿನಗಳ ಮೇಲೆ, ಮದುವೆಯಾಗಿ ಬೇರೆ ಮನೆಯಲ್ಲಿದ್ದ ದೊಡ್ಡಮ್ಮನ ಮಗಳು ಯಜಮಾನ್ರ ಬಾಗಿಲಿಗೆ ಬಂದಳು. ಕೂರು ಎಂದರೂ ಕೂರಲಿಲ್ಲ.

“ಅಂಕಲ್, ಅಮ್ಮ ಆವತ್ತು ಏನಂದ್ರು?”

“ಡೈಲಾಗು ಕಣಮ್ಮ.”

“ತುಟಿ ನೋಡಿದ್ರೆ ‘ಏಳೋ’ ಅಂದಿದ್ದು ಗೊತ್ತಾಗುತ್ತೆ. ನಿಮ್ಮ ಸೀರಿಯಲ್ಲಲ್ಲಿ ಯಾವ ಹೆಂಡತಿ ಹಾಗಂತಾಳೆ?”

“ಅಮ್ಮನ್ನೇ ಕೇಳಬಾರದಾ?”

“ಕೇಳಿದೆ. ನಿಂಗ್ಯಾಕೆ ಅಂದ್ರು.”

ಎರಡನೇ ಸಲ ಊರ ಕಿವಿಗೆ ಬೀಳಬಾರದೆಂದು ಯಜಮಾನ್ರು ಕೆಮ್ಮಿ ತಡೆದ ಮಾತು. ಆದರೆ ಇವಳು ಊರಲ್ಲ, ಮಗಳು. ನಟನ ನೆನಪು, ಒಂದಕ್ಷರವೂ ಬಿಟ್ಟುಹೋಗಿರಲಿಲ್ಲ. ಹೇಳಿದರು.

ಮಗಳು ಅಳಲಿಲ್ಲ. “ಎಡಗಿವೀನಾ?” ಎಂದಳು.

“ನಂಬೋಕೆ ಕಷ್ಟ ಆಗ್ಬಹುದು ನಿಂಗೆ…”

“ಇಲ್ಲ ಅಂಕಲ್. ನಮ್ಮ ಮನೆ ಗೋಡೆ ತೆಳು. ನಾನು ರೇಡಿಯೋ ಜೋರು ಮಾಡ್ಕೊಂಡು ಓದ್ಕೋತಿದ್ದೆ.” ಅಷ್ಟು ಹೇಳಿ, ಯಜಮಾನ್ರ ಹೆಂಡತಿ ತಂದಿಟ್ಟ ನೀರು ಕುಡಿದು ಹೊರಟುಹೋದಳು.

ಮರುದಿನ ದೊಡ್ಡಮ್ಮನ ಫೋನ್ ಬಂತು. ಕೆಮ್ಮಿದ್ದು ಯಾಕೆಂದು ಅವರಿಗೆ ಗೊತ್ತಿರಬೇಕು, ಆ ಬಗ್ಗೆ ಎರಡು ಮಾತು ಆಡಬಹುದು ಎಂದು ಯಜಮಾನ್ರು ಅಂದುಕೊಂಡರು.

“ನನ್ನ ಮಗಳು ಊಟ ಬಿಟ್ಟು ಮಲಗಿದಾಳೆ,” ಎಂದರು ದೊಡ್ಡಮ್ಮ. “ನಾನು ಅದನ್ನ ಹೆಣಕ್ಕೆ ಹೇಳಿದ್ದು ಯಜಮಾನ್ರೇ. ನಿಮಗಲ್ಲ.”

ಅಲ್ಲಿಗೇ ಫೋನ್ ಇಟ್ಟರು.

“ಯಾರ್ರೀ ಅದು?” ಒಳಗಿನಿಂದ ಹೆಂಡತಿ ಕೇಳಿದರು. “ಕೆಲಸಕ್ಕೆ ಕರೆದ್ರಾ?”

“ಇಲ್ಲ,” ಎಂದರು ಯಜಮಾನ್ರು.