ಮೇಯರ್ ತಡೆದ ಭಾನುವಾರದ ಬಸ್ಸು

ಬುಧವಾರ ಸಂಜೆ ಐದು ಜನ ಕೈ ಎತ್ತಿ ಉಳಿಸಿದ ಬಸ್ಸನ್ನು ಶುಕ್ರವಾರ ಒಬ್ಬರೇ ನಿಲ್ಲಿಸಿದರು. ನಾನು ಅಮೆರಿಕದ ಈ ಸಣ್ಣ ನಗರಕ್ಕೆ ಬಂದು ಎರಡು ವರ್ಷವಾಗಿತ್ತು. ಮೊಣಕಾಲುದ್ದದ ಹಿಮ, ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣದ ಮಧ್ಯಾಹ್ನ, ಬೇಯಿಸದೆ ತಿನ್ನುವ ಸೊಪ್ಪು, ಎಲ್ಲಕ್ಕೂ ಒಗ್ಗಿಕೊಂಡಿದ್ದೆ. ಇದಕ್ಕೆ ಮಾತ್ರ ದಂಗಾಗಿ ನಿಂತೆ. ಸ್ಟಾಪಿನ ಕಂಬಕ್ಕೆ ಒಂದು ಚೀಟಿ ಅಂಟಿಸಿದ್ದರು: ಮುಂದಿನ ತಿಂಗಳಿಂದ ಈ ಮಾರ್ಗದಲ್ಲಿ ಭಾನುವಾರ ಬಸ್ಸಿಲ್ಲ.

ಗುರುವಾರವಷ್ಟೇ ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರಿಗೂ ರವೆ ಉಂಡೆ ಹಂಚಿದ್ದೆ. ಸಭೆಯಲ್ಲಿ ತೀರ್ಮಾನವಾದರೂ ಕೆಲಸ ಕಣ್ಣಿಗೆ ಕಾಣುವ ತನಕ ಸಿಹಿ ಹಂಚಬಾರದು ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇಲ್ಲಿ ಹಾಗಿರಲಾರದು ಎಂದು ನಾನೇ ಅಂದುಕೊಂಡುಬಿಟ್ಟಿದ್ದೆ.

"ಅದು ವೀಟೊ," ಎಂದಳು ಡೊರೀನ್. ಲ್ಯಾಬಿನಲ್ಲಿ ನನಗಿಂತ ಹಿರಿಯಳು, ನನಗೆ ಈ ಊರು ಕಲಿಸಿದವಳು. "ಉಂಡೆ ಚೆನ್ನಾಗಿತ್ತು. ಅದನ್ನಂತೂ ಯಾರೂ ತಡೆಯಲಾರರು."

ಇಲ್ಲಿಯ ನಗರಸಭೆಗೆ ಕೌನ್ಸಿಲ್ ಎನ್ನುತ್ತಾರೆ. ಒಂಬತ್ತು ವಾರ್ಡು, ಒಂಬತ್ತು ಸದಸ್ಯರು. ಮೇಯರ್ ಆ ಒಂಬತ್ತರಲ್ಲಿ ಒಬ್ಬರಲ್ಲ, ಇಡೀ ಊರು ಬೇರೆಯಾಗಿ ಓಟು ಹಾಕಿ ಆರಿಸಿದವರು. ಕೌನ್ಸಿಲ್ ಒಪ್ಪಿದ್ದು ಅವರ ಮೇಜಿಗೆ ಹೋಗುತ್ತದೆ. ಸರಿ ಎನಿಸಿದರೆ ಸಹಿ ಹಾಕುತ್ತಾರೆ. ಇಲ್ಲವಾದರೆ ಕಾರಣ ಬರೆದು ವಾಪಸು ಕಳಿಸುತ್ತಾರೆ. ಹಾಗೆ ತಡೆಯುವುದೇ ವೀಟೊ. ನಮ್ಮ ಮಳವಳ್ಳಿ ಪುರಸಭೆಯಲ್ಲಾದರೆ ಅಧ್ಯಕ್ಷರೂ ಸದಸ್ಯರಲ್ಲೇ ಒಬ್ಬರು. ಅವರದೂ ಒಂದೇ ಓಟು. ಎರಡೂ ಕಡೆ ಸಮ ಬಂದಾಗ ಮಾತ್ರ ಇನ್ನೊಂದು. ಸಭೆ ಒಪ್ಪಿದ್ದನ್ನು ಅವರೊಬ್ಬರೇ ಬೇಡ ಎನ್ನುವಂತಿಲ್ಲ. ತಡೆಯುವುದಿದ್ದರೆ ಅದು ಮಂಡ್ಯದ ಜಿಲ್ಲಾಧಿಕಾರಿಯ ಕೈಲಿ.

ನನ್ನ ಅಣ್ಣ ನಮ್ಮೂರು ಪೂರಿಗಾಲಿಯಲ್ಲಿ ಬೇಸಾಯ ಮಾಡಿಕೊಂಡು ಪಂಚಾಯಿತಿ ಮೆಂಬರ್ ಆಗಿದ್ದಾನೆ. ಫೋನಿನಲ್ಲಿ ಹೇಳಿದರೆ ಅವನು ನಂಬಲೇ ಇಲ್ಲ.

"ಅಲ್ಲಾ ಕಣಮ್ಮಿ, ಐದು ಜನ ಆಗ್ಲಿ ಅಂದಿದ್ನ ಒಬ್ಬ ಬ್ಯಾಡ ಅಂದ್ಬುಟ್ನಾ? ಅವನೇನು ಡೀಸಿನಾ?"

"ಡೀಸಿ ಅಲ್ಲ ಕಣಣ್ಣ, ಓಟಲ್ಲಿ ಗೆದ್ದೋನು."

"ಗೆದ್ದೋನ್ಗೆ ಅಷ್ಟೊಂದು ಪವರ್ರಾ! ನಂಗೇನಾರ ಅದ್ನ ಕೊಟ್ಟಿದ್ರೆ ನಮ್ ಪಂಚಾಯ್ತೀಲಿ ಒಂದು ಕೆಲ್ಸನೂ ಆಯ್ತಿರ್ಲಿಲ್ಲ ಬುಡು." ನಕ್ಕು, ಆಮೇಲೆ ದನಿ ಇಳಿಸಿದ. "ಬಸ್ಸು ನಿಂತೋದ್ರೆ ನಿನ್ ಕೆಲ್ಸದ ಗತಿ?"

ಅದೇ ಪ್ರಶ್ನೆ ನನ್ನನ್ನೂ ಕೊರೆಯುತ್ತಿತ್ತು. ಲ್ಯಾಬಿನಲ್ಲಿ ಭಾನುವಾರದ ಪಾಳಿ ಹೊಸದಾಗಿ ಸೇರಿದವರದ್ದು. ಎರಡು ಸಲ ಬರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕುತ್ತಾರೆ. ನನಗೆ ಕಾರು ಓಡಿಸಲು ಬರುವುದಿಲ್ಲ. ನಡೆದು ಹೋಗುವ ದೂರವಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಊರಿನಿಂದ ಮಳವಳ್ಳಿ, ಮಳವಳ್ಳಿಯಿಂದ ಮಂಡ್ಯ, ದಿನಕ್ಕೆ ನಾಲ್ಕು ಬಸ್ಸು ಹತ್ತಿಳಿದು ಬಿಎಸ್ಸಿಯ ಎರಡು ವರ್ಷ ಕಳೆದೆ. ಬೆಳಗಿನ ಬಸ್ಸು ತಪ್ಪಿದರೆ ಅವತ್ತಿನ ಪ್ರಾಕ್ಟಿಕಲ್ ತಪ್ಪಿತು. ಕೊನೆಯ ವರ್ಷ ಮಂಡ್ಯದ ಗುತ್ತಲಿನಲ್ಲಿ ಒಂದು ರೂಮು ಸಿಕ್ಕಿತು. ಆಮೇಲೆ ಲ್ಯಾಬ್ ಕೋರ್ಸು, ಇಲ್ಲಿಯ ಪರೀಕ್ಷೆಯಲ್ಲಿ ಒಮ್ಮೆ ಫೇಲು, ಮತ್ತೆ ಕಟ್ಟಿ ಪಾಸು. ಅಷ್ಟು ದೂರ ಬಂದವಳು ಕೊನೆಗೆ ಒಂದು ಬಸ್ಸಿಲ್ಲದೆ ಕೆಲಸ ಕಳೆದುಕೊಳ್ಳಬೇಕೇ?

"ಬೆಳಿಗ್ಗೇಲೇ ಅವನ ಮನೆ ತಾವ್ಕೋಗು," ಎಂದ ಅಣ್ಣ. "ಕಚೇರಿಗೋದ್ರೆ ಸಾಹೇಬ್ರಿಲ್ಲ ಅಂತಾರೆ. ಬರಿಗೈಲಿ ಓಗ್ಬ್ಯಾಡ, ಒಂದು ನಿಂಬೆಅಣ್ಣು ಇಡ್ಕೊ."

ಮರುದಿನ ಶನಿವಾರ. ಡೊರೀನಳನ್ನು ಕೇಳಿದ್ದರೆ ಖಂಡಿತ ತಡೆಯುತ್ತಿದ್ದಳು, ಅದಕ್ಕೇ ಕೇಳಲಿಲ್ಲ. ಏಳು ಗಂಟೆಗೆ ಮೇಯರ್ ಮನೆ ಮುಂದೆ ನಿಂತೆ. ನಮ್ಮ ಕಡೆ ಇಂಥವರ ಮನೆ ಬಾಗಿಲಲ್ಲಿ ಆ ಹೊತ್ತಿಗೆ ಬೈಕುಗಳ ಸಾಲು, ಅರ್ಜಿ ಹಿಡಿದವರು, ಟೀ ಲೋಟಗಳು. ಇಲ್ಲಿ ಬರೀ ಹುಲ್ಲು, ಮುಚ್ಚಿದ ಬಾಗಿಲು. ಬೆಲ್ ಒತ್ತಿದೆ. ಪೈಜಾಮದಲ್ಲೇ ಬಂದು ಬಾಗಿಲು ತೆಗೆದ ಮೇಯರ್ ಕೈಗೆ ನಿಂಬೆಹಣ್ಣು ಕೊಟ್ಟು ಕೈಮುಗಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಟೀಗಾ?"

"ಗೌರವಕ್ಕೆ."

"ನಿಮ್ಮೂರಲ್ಲಿ ಇದನ್ನು ಕೊಟ್ಟರೆ ಕೆಲಸ ಆಗುತ್ತಾ?"

"ಕೆಲಸದ ಮಾತು ಆಮೇಲೆ. ಮೊದಲು ಕೂರಲು ಹೇಳುತ್ತಾರೆ."

ಅವರು ಜೋರಾಗಿ ನಕ್ಕುಬಿಟ್ಟರು. ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ ತಾವೂ ಕೂತು, ನನ್ನ ಮಾತು ಪೂರ್ತಿ ಕೇಳಿದರು. ಆದರೂ ಒಪ್ಪಲಿಲ್ಲ.

"ಭಾನುವಾರ ಆ ಬಸ್ಸು ಖಾಲಿ ಓಡುತ್ತದೆ ಎಂದೇ ಬರೆದಿದ್ದೇನೆ, ಈಗಲೂ ಹಾಗೇ ನಂಬಿದ್ದೇನೆ. ಅದು ತಪ್ಪು ಅನಿಸಿದರೆ ಕೌನ್ಸಿಲ್ಲಿಗೆ ಹೋಗಿ. ಒಂಬತ್ತರಲ್ಲಿ ಆರು ಕೈ ಎದ್ದರೆ ನನ್ನ ವೀಟೊ ಬಿದ್ದುಹೋಗುತ್ತದೆ. ಐದು ನಿಮ್ಮ ಕಡೆ ಇವೆ. ನಿಮ್ಮ ವಾರ್ಡಿನ ಮಿಸೆಸ್ ಕೋಲ್ ಹೋದ ಸಲ ಕೈ ಎತ್ತಲಿಲ್ಲ, ಅವರನ್ನು ಕೇಳಿ."

ತಮ್ಮನ್ನು ಸೋಲಿಸುವ ದಾರಿಯನ್ನು ತಾವೇ ಹೇಳಿಕೊಡುವ ಅಧಿಕಾರಸ್ಥರನ್ನು ನಾನು ಅದೇ ಮೊದಲು ಕಂಡಿದ್ದು. ಅಣ್ಣನಿಗೆ ಹೇಳಿದಾಗ, "ಏನೋ ಮಸಲತ್ತೈತೆ, ಉಸಾರು," ಎಂದ. ಮಸಲತ್ತೇನೂ ಇರಲಿಲ್ಲ. ಅವರಿಗೆ ತಾವೇ ಗೆಲ್ಲುತ್ತೇವೆಂಬ ಧೈರ್ಯವಿತ್ತು, ಅಷ್ಟೇ.

ಮುಂದಿನ ಬುಧವಾರ ಕೌನ್ಸಿಲ್ ಸೇರಿತು. ಅಲ್ಲಿ ಯಾರು ಬೇಕಾದರೂ ಎದ್ದು ಮೂರು ನಿಮಿಷ ಮಾತನಾಡಬಹುದು. ಮಂಡ್ಯದ ಕಾಲೇಜಿನಲ್ಲಿ ಸೆಮಿನಾರ್ ಎಂದರೆ ಹಿಂದಿನ ಬೆಂಚಿಗೆ ಸರಿಯುತ್ತಿದ್ದ ನಾನು ಮೈಕಿನ ಮುಂದೆ ನಿಂತೆ. ಬರೆದು ತಂದಿದ್ದ ಹಾಳೆಯ ಮೇಲೆ ಕಣ್ಣು ನಿಲ್ಲಲಿಲ್ಲ. ಹಾಳೆ ಮಡಚಿ, ಬಾಯಿಗೆ ಬಂದಿದ್ದನ್ನೇ ಹೇಳಿದೆ. ಭಾನುವಾರ ನನ್ನ ಪಕ್ಕದಲ್ಲಿ ಕೂರುವುದು ರೋಸಾ, ವೃದ್ಧಾಶ್ರಮದಲ್ಲಿ ಅಡುಗೆಯವಳು; ಅವಳು ತಲುಪದಿದ್ದರೆ ಅಲ್ಲಿಯವರಿಗೆ ತಿಂಡಿ ಇಲ್ಲ. ಹಿಂದಿನ ಸೀಟಿನಲ್ಲಿ ಅರ್ಲ್, ಆಸ್ಪತ್ರೆಯಲ್ಲಿರುವ ಹೆಂಡತಿಯ ತಲೆ ಬಾಚಲು ಹೋಗುತ್ತಾರೆ. ಮುಂದೆ ನೀಲಿ ಟೋಪಿಯ ಅಜ್ಜಿ, ಚರ್ಚಿಗೆ. ಅವರ ಮೊಣಕಾಲಿಗೆ ಆಪರೇಷನ್ ಆಗಿದೆ, ಎಡಗಡೆಯದು.

ಮಿಸೆಸ್ ಕೋಲ್ ಕನ್ನಡಕದ ಮೇಲಿಂದ ನೋಡಿದರು. "ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಕೇಳಿದೆ."

ಸಭೆ ನಕ್ಕಿತು. ಮಳವಳ್ಳಿ ಬಸ್ಸಿನಲ್ಲಿ ಯಾವೂರು, ಯಾರ ಮನೆ ಎಂದು ಪಕ್ಕದವರನ್ನು ಕೇಳದೆ ನಾನು ಇಳಿದದ್ದೇ ಇಲ್ಲ. ಇಲ್ಲಿ ಹಾಗೆ ಕೇಳಬಾರದು, ಬಸ್ಸಿನಲ್ಲಿ ಕಿಟಕಿ ನೋಡುತ್ತ ಕೂರಬೇಕು ಎಂದು ಡೊರೀನ್ ಎಷ್ಟು ಸಲ ಬೈದಿದ್ದಳೋ. ಅವತ್ತು ಹಿಂದಿನ ಸಾಲಿನಲ್ಲಿ ಕೂತು ಮೊದಲು ಚಪ್ಪಾಳೆ ಹೊಡೆದವಳೂ ಅವಳೇ.

ಮತಕ್ಕೆ ಹಾಕಿದರು. ಐದು ಕೈ ತಕ್ಷಣ ಎದ್ದವು. ಮಿಸೆಸ್ ಕೋಲ್ ಪೆನ್ನು ಕೆಳಗಿಟ್ಟರು, ನೀರು ಕುಡಿದರು, ಆಮೇಲೆ ಕೈ ಎತ್ತಿದರು. ವೀಟೊ ಬಿತ್ತು. ಮೇಯರ್ ನನ್ನ ಕಡೆ ನೋಡಿ ತಲೆಯಾಡಿಸಿ ಮುಂದಿನ ವಿಷಯದ ಕಾಗದ ತೆಗೆದುಕೊಂಡರು.

ಹೊರಗೆ ಮಿಸೆಸ್ ಕೋಲ್ ನನ್ನ ಕೈ ಕುಲುಕಿ, "ಚುನಾವಣೆಯಲ್ಲಿ ನನ್ನನ್ನು ಮರೆಯಬೇಡಿ," ಎಂದರು. ನಾನು ಈ ದೇಶದ ಪ್ರಜೆಯಲ್ಲ, ನನಗಿಲ್ಲಿ ಓಟಿಲ್ಲ ಎಂದೆ. ಅವರು, "ಓಟಿಲ್ಲದೆಯೇ ಇಷ್ಟು ಮಾಡಿದಿರಾ?" ಎಂದು ನಗುತ್ತ ಹೋದರು.

ಕೆಲವು ತಿಂಗಳಾದ ಮೇಲೆ ಅಣ್ಣನ ಫೋನು. ಪಂಚಾಯಿತಿ ಚುನಾವಣೆ ಬಂದಿದೆ, ಮತ್ತೆ ನಿಂತಿದ್ದಾನೆ.

"ನಿನ್ ಎಸ್ರು ಇನ್ನೂ ಪಟ್ಟೀಲೈತೆ ಕಣಮ್ಮಿ. ಭಾನ್ವಾರ ಓಟು. ಬಂದು ಆಕೋಗು. ಒಂದು ಓಟಲ್ಲಿ ಸೋತ್ರೆ ನಿನ್ನೇ ಅನ್ನೋದು ನಾನು."

"ಭಾನ್ವಾರ ಡ್ಯೂಟಿ ಐತಲ್ಲಣ್ಣ."

"ಬಸ್ಸಿಲ್ಲ ಅಂತ ಏಳ್ಬುಡು."

"ಐತಲ್ಲ. ನಾನೇ ಉಳಿಸ್ಕಂಡಿವ್ನಿ."

ಅವನು ನಕ್ಕ, ನಾನೂ ನಕ್ಕೆ. ನಗು ನಿಂತ ಮೇಲೂ ಇಬ್ಬರೂ ಫೋನು ಇಡಲಿಲ್ಲ.